ಸಿಪಾಯಿ ಮಲ್ಕಪ್ಪನ ಗೈರುಹಾಜರಿ

ಕಮಲಾಪುರದ ಹಳೆಯ ಶಾಲೆಯ ಮುಂದೆ ಆ ಕಲ್ಲು ನಿಲ್ಲಿಸಿದ ವರ್ಷ ದುಂಡಮ್ಮನಿಗೆ ಎಂಬತ್ತೆರಡು ನಡೆಯುತ್ತಿತ್ತು. ಊರಿನ ಯುವಕ ಸಂಘದವರು ಶಹಾಬಾದಿ ಕಲ್ಲಿಗೆ ಪಾಲಿಶ್ ಹಿಡಿಸಿ, ನೆತ್ತಿಯ ಮೇಲೊಂದು ಬಂದೂಕು ಕೆತ್ತಿಸಿ, ಅದರ ಕೆಳಗೆ ನಾಲ್ಕು ಹೆಸರು ಬರೆಸಿದ್ದರು. ಮೊದಲನೆಯ ಹೆಸರು: ಹುತಾತ್ಮ ಸಿಪಾಯಿ ಮಲ್ಕಪ್ಪ, ಎರಡನೆಯ ಮಹಾಯುದ್ಧ, ಮಲಯ.

ಮಲ್ಕಪ್ಪ ದುಂಡಮ್ಮನ ತಂದೆ. ಆದರೆ ಆಗಸ್ಟ್ ಹದಿನೈದರ ಆ ಸಮಾರಂಭಕ್ಕೆ ಅವಳಿಗೆ ಕರೆ ಬರಲಿಲ್ಲ. ಮಗಳು ರಾಜೇಶ್ರೀ ಯಾರದೋ ಮೊಬೈಲಿನಲ್ಲಿ ಆಮಂತ್ರಣ ಪತ್ರಿಕೆಯ ಫೋಟೋ ನೋಡಿ, ಮನೆಗೆ ಬಂದು ಹೇಳಿದಾಗ ಮುದುಕಿ, "ನಾವಾಗೇ ಹೋಗೂಣು. ಹಿಂದ ನಿಂತು ನೋಡಿ ಬರೂಣು" ಎಂದಿದ್ದಳು. ಹಾಗೆ ತಾಯಿ ಮಗಳು ಕಲಬುರಗಿಯಿಂದ ಹುಮನಾಬಾದ್ ಬಸ್ಸು ಹತ್ತಿ ಬಂದು, ಶಾಮಿಯಾನದ ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು.

ವೇದಿಕೆಯ ಮೇಲೆ ಹುತಾತ್ಮನ ಮನೆತನದವರೆಂದು ಶಾಲು ಹೊದೆಸಿಕೊಂಡವನು ವಿವೇಕಾನಂದ. ಮಲ್ಕಪ್ಪನ ಅಣ್ಣ ರೇವಣಪ್ಪನ ಮೊಮ್ಮಗ. ಊರಿನ ಹೆದ್ದಾರಿಯ ಮೇಲೆ ಬೀಜ ಗೊಬ್ಬರದ ಅಂಗಡಿ ಇಟ್ಟವನು. ಜನ ಚಪ್ಪಾಳೆ ತಟ್ಟಿದರು. ದುಂಡಮ್ಮನೂ ತಟ್ಟಿದಳು. ಅಷ್ಟರಲ್ಲಿ ಅವರ ಬೆನ್ನ ಹಿಂದೆ ಯಾರೋ ಪಕ್ಕದವನಿಗೆ ಹೇಳಿದ್ದು ರಾಜೇಶ್ರೀಯ ಕಿವಿಗೆ ಬಿತ್ತು: "ಈ ಮುದುಕಿ ಯಾರು ಗೊತ್ತೇನಪಾ? ಮರುವರ್ಷದ ಕೂಸು ಅಂತಾರಲ್ಲ, ಅಕಿ."

ರಾಜೇಶ್ರೀ ತಿರುಗಿ ನೋಡಿದಳು. ಹೇಳಿದವನಿಗೆ ಐವತ್ತೂ ದಾಟಿರಲಿಲ್ಲ. ಆ ಮಾತು ಹುಟ್ಟಿದಾಗ ಅವನ ಅಪ್ಪನೂ ಹುಟ್ಟಿರಲಿಕ್ಕಿಲ್ಲ. ಅವನಿಗೆ ದ್ವೇಷವೂ ಇರಲಿಲ್ಲ, ನಗುವೂ ಇರಲಿಲ್ಲ. ಊರಲ್ಲಿ ಒಂದು ಗಿಡಕ್ಕೆ ಒಂದು ಹೆಸರಿರುವ ಹಾಗೆ ಈ ಮುದುಕಿಗೆ ಆ ಹೆಸರು, ಅಷ್ಟೆ.

ಅದು ಹುಟ್ಟಿದ್ದು ಹೀಗೆ. ಮಲ್ಕಪ್ಪನದು ಕೆಂಪು ಬಾಳೆಯ ತೋಟವಿದ್ದ ಮನೆತನ. ಮನೆಯ ಯಜಮಾನಿಕೆ ಅಣ್ಣನದು. ಅಣ್ಣನ ಕೈಕೆಳಗೆ ದುಡಿಯಲು ಮನಸ್ಸಿಲ್ಲದೆ ಮಲ್ಕಪ್ಪ ಸಿಕಂದರಾಬಾದಿಗೆ ಹೋಗಿ ನಿಜಾಮರ ಪಲ್ಟನ್ನು ಸೇರಿದ. ಅಷ್ಟರಲ್ಲಿ ಚಂದಮ್ಮನ ಜೊತೆ ಅವನ ಮದುವೆ ಆಗಿತ್ತು. 1940ರ ದೀಪಾವಳಿಗೆ ಅವನು ರಜೆಯ ಮೇಲೆ ಬಂದಿದ್ದನ್ನು ಇಡೀ ಊರು ನೋಡಿತ್ತು. ಬೂಟು ಹಾಕಿಕೊಂಡು ಓಣಿಯಲ್ಲಿ ತಿರುಗಾಡಿದ್ದನಂತೆ. ಮುಂದಿನ ಬೇಸಿಗೆಗೆ ಪಲ್ಟನ್ನು ಹಡಗು ಹತ್ತಿ ಮಲಯಕ್ಕೆ ಹೋಯಿತು. ಆ ವರ್ಷದ ಎಳ್ಳಮಾವಾಸ್ಯೆ ವಾರವಿದೆ ಎನ್ನುವಾಗ ಚಂದಮ್ಮ ಹೆಣ್ಣು ಹೆತ್ತಳು. ದೀಪಾವಳಿಗೆ ಬಂದು ಹೋದವನಿಗೆ ಮರುವರ್ಷದ ದೀಪಾವಳಿ ಕಳೆದ ಮೇಲೆ ಕೂಸು. ಊರಿನ ಹೆಂಗಸರು ಬೆರಳು ಮಡಚಿದರು.

ಚಂದಮ್ಮ ಹೇಳಿದ್ದು ಒಂದೇ ಮಾತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಅವರು ಬಂದಿದ್ದರು. ಹಡಗು ಹತ್ತಿಸುತ್ತಾರೆಂದು ಸುದ್ದಿ ತಿಳಿದು, ರಜೆ ಸಿಗದೆ, ಯಾರಿಗೂ ಹೇಳದೆ ಬಂದಿದ್ದರು. ಹಿಡಿದುಕೊಂಡು ಹೋಗುತ್ತಾರೆಂಬ ಹೆದರಿಕೆಗೆ ಮನೆಗೆ ಕಾಲಿಡದೆ ತೋಟದ ಗುಡಿಸಲಲ್ಲಿ ಎರಡು ರಾತ್ರಿ ಇದ್ದರು. ನಾನೇ ರೊಟ್ಟಿ ಒಯ್ದು ಕೊಟ್ಟೆ. ರೇವಣಪ್ಪ ಕೇಳಿದ್ದೂ ಒಂದೇ ಮಾತು: "ಯಾರು ನೋಡ್ಯಾರ?"

ಯಾರೂ ನೋಡಿರಲಿಲ್ಲ. ಊರೆಲ್ಲ ಕಾಮದಹನದ ಬೆಂಕಿಯ ಸುತ್ತ ಹಲಗೆ ಬಾರಿಸುತ್ತಿತ್ತು. ಹಸಿ ಬಾಣಂತಿಯನ್ನು ರೇವಣಪ್ಪ ಕೂಸಿನ ಸಮೇತ ಹೊರಗೆ ಹಾಕಿದ. ಚಂದಮ್ಮ ಅದೇ ಊರಿನ ಇನ್ನೊಂದು ತುದಿಯಲ್ಲಿದ್ದ ತನ್ನ ವಿಧವೆ ತಾಯಿಯ ಗುಡಿಸಲು ಸೇರಿದಳು. ಕಳೆ ಕಿತ್ತಳು, ರಸ್ತೆ ಕೆಲಸಕ್ಕೆ ಕಲ್ಲು ಹೊತ್ತಳು. ಗಂಡನ ಪಗಾರದಲ್ಲಿ ಅವಳಿಗೆ ಬರುತ್ತಿದ್ದ ಪಾಲು ಆ ಹೊತ್ತಿಗಾಗಲೇ ನಿಂತುಹೋಗಿತ್ತು; ರೇವಣಪ್ಪನೇ ಅಂಚೆಯವನನ್ನು ಹಿಡಿದು ಕಸಿದುಕೊಂಡನೆಂದು ಅವಳು ಸಾಯುವತನಕ ನಂಬಿದ್ದಳು. ಯಾರು ಏನೇ ಅಂದರೂ ಅವಳ ಉತ್ತರ ಸಿದ್ಧವಿತ್ತು: "ಲಡಾಯಿ ಮುಗೀಲಿ. ಅವರು ಬರ್ಲಿ. ಅವರೇ ಹೇಳ್ತಾರ."

ಲಡಾಯಿ ಮುಗಿಯಿತು. ಆಳಂದದ ಕಡೆಯ ಒಬ್ಬ ಸಿಪಾಯಿ ಎಲುಬಿನ ಗೂಡಾಗಿ ಮರಳಿದ ಸುದ್ದಿ ಕೇಳಿ ಚಂದಮ್ಮ ನಾಲ್ಕು ವರ್ಷದ ದುಂಡಮ್ಮನನ್ನು ಟೊಂಕದ ಮೇಲೆ ಹೊತ್ತು ಅವನ ಊರಿಗೆ ನಡೆದೇ ಹೋದಳು. ಅವನು, "ಜಪಾನಿಯರಿಗಿ ಸೆರಿ ಸಿಕ್ಕಾಗ ಸಂಗಾಟ ಇದ್ದ ತಂಗಿ. ಆಮ್ಯಾಲಿಂದು ನನಗ ಗೊತ್ತಿಲ್ಲ" ಎಂದ. ಅವನು ಕೊಟ್ಟ ಬೆಲ್ಲದ ಚೂರು ದುಂಡಮ್ಮನಿಗೆ ಇಂದಿಗೂ ನೆನಪಿದೆ. 1953ರ ಮಳೆಗಾಲದಲ್ಲಿ ಚಂದಮ್ಮ ಚಳಿಜ್ವರ ಬಂದು ಸತ್ತಳು. ಗಂಡನ ಮನೆತನದ ಸಮಾಧಿ ಹೊಲದಲ್ಲಿ ಅವಳಿಗೆ ಜಾಗ ಕೊಡಲಿಲ್ಲ. ಹಳ್ಳದ ದಂಡೆಯಲ್ಲಿ ಹೂಳಿದರು.

ದುಂಡಮ್ಮನನ್ನು ಅಜ್ಜಿ ಕಲಬುರಗಿಯ ಗಂಜ್ ಬಜಾರಿನಲ್ಲಿ ಹೊಲಿಗೆ ಅಂಗಡಿಯಿದ್ದ ಒಬ್ಬ ವಿಧುರನಿಗೆ ಕೊಟ್ಟಳು. ಬೇರೆ ಯಾರೂ ಕೇಳಿ ಬರಲಿಲ್ಲ. ವಯಸ್ಸಾದವನು, ಒಳ್ಳೆಯವನು, ಹೆಂಡತಿಯ ಹುಟ್ಟಿನ ಬಗ್ಗೆ ಒಂದು ದಿನವೂ ಬಾಯಿ ತೆರೆಯಲಿಲ್ಲ. ಬಾಯಿ ತೆರೆಯದಿದ್ದುದೂ ಒಂದು ಭಾರವೇ ಆಗಿತ್ತೆಂದು ದುಂಡಮ್ಮ ಒಮ್ಮೆ ಮಗಳಿಗೆ ಹೇಳಿದ್ದಳು. ಅವರಿಗೆ ರಾಜೇಶ್ರೀ ಒಬ್ಬಳೇ ಮಗಳು. ಅವಳ ಕಾಲಕ್ಕಾದರೂ ಅದು ಮುಗಿಯಬೇಕಿತ್ತು, ಮುಗಿಯಲಿಲ್ಲ. ಎರಡು ಸಂಬಂಧ ನಿಶ್ಚಯದ ಬಾಗಿಲ ತನಕ ಬಂದು, ಕಮಲಾಪುರದಲ್ಲಿ ವಿಚಾರಿಸಿದ ಮೇಲೆ ಹಿಂದಕ್ಕೆ ಹೋದವು. ಮೂರನೆಯದನ್ನು ರಾಜೇಶ್ರೀಯೇ ಬೇಡವೆಂದಳು. ನರ್ಸಿಂಗ್ ಕಲಿತು, ಹೆರಿಗೆ ವಾರ್ಡಿನಲ್ಲಿ ಕೆಲಸಕ್ಕೆ ಸೇರಿ, ಖೂಬಾ ಪ್ಲಾಟ್ ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಮಾಡಿ ತಾಯಿಯನ್ನು ಇಟ್ಟುಕೊಂಡಳು.

ಆದರೆ ರಾಜೇಶ್ರೀಯ ಮನಸ್ಸಿನಲ್ಲಿ ತಾಯಿಗೆ ಎಂದೂ ಹೇಳದ ಒಂದು ಮಾತಿತ್ತು. ಆ ತಿಂಗಳುಗಳನ್ನು ಅವಳೂ ಎಣಿಸಿದ್ದಳು. ಸಾವಿರಾರು ಹೆರಿಗೆ ನೋಡಿದವಳು. ಹೆದರಿದ ಹುಡುಗಿಯರು ದಿನಾಂಕ ಹಿಂದೆ ಮುಂದೆ ಹೇಳುವುದನ್ನು, ಇಲ್ಲದ ಗಂಡನನ್ನು ಊರಿಗೆ ಕರೆಸಿಕೊಳ್ಳುವುದನ್ನು ಕೇಳಿ ಕೇಳಿ ಬಲ್ಲವಳು. ಅಜ್ಜಿ ಚಂದಮ್ಮನ ತೋಟದ ಗುಡಿಸಲಿನ ಕಥೆ ಅವಳಿಗೆ ಅಂಥದೇ ಕಥೆಯ ಹಾಗೆ ಕೇಳಿಸುತ್ತಿತ್ತು.

ಕಲ್ಲಿನ ಸಮಾರಂಭದಿಂದ ಮರಳಿದ ದಿನ ದುಂಡಮ್ಮ ಸೀರೆ ಮಡಚುತ್ತ ಗೋಡೆಗೆ ಹೇಳುವ ಹಾಗೆ ಹೇಳಿದಳು: "ಅಪ್ಪ ಸತ್ತು ದೊಡ್ಡಾಂವ ಆದ. ಅವ್ವ ಇನ್ನಾ ಹಂಗೇ ಇದ್ದಾಳ ನೋಡು."

ಆ ಮಾತು ರಾಜೇಶ್ರೀಯನ್ನು ಬಿಡಲಿಲ್ಲ. ಮರುದಿನ ದಿಲ್ಶಾದ್ ಬೇಗಂ ಮನೆಗೆ ಹೋದಳು. ದಿಲ್ಶಾದ್ ಅದೇ ವಾರ್ಡಿನಿಂದ ನಿವೃತ್ತಿಯಾದವಳು, ರಾಜೇಶ್ರೀಗೆ ಸೂಜಿ ಹಿಡಿಯುವುದನ್ನು ಕಲಿಸಿದವಳು, ಅವಳು ಅಕ್ಕನ ಹಾಗೆ ಆಪಾ ಎಂದು ಕರೆಯುವವಳು. ಎಲ್ಲ ಕೇಳಿಸಿಕೊಂಡು, "ಫೌಜಿನ ಕಾಗದ ಸುಮ್ನ ಹಾಳಾಗಂಗಿಲ್ಲ ರಾಜಿ. ಛುಟ್ಟಿ ಕೊಟ್ಟಿದ್ರ ಬರದಿರ್ತಾರ" ಎಂದಳು.

"ಛುಟ್ಟಿ ಕೊಟ್ಟಿರ್ಲಿಲ್ಲ ಆಪಾ. ಅದೇ ತೊಂದ್ರಿ."

"ಹಂಗಿದ್ರ ಇನ್ನಾ ಚಲೋ. ಛುಟ್ಟಿ ಇಲ್ದ ಓಡಿ ಹೋದಾಂವನ್ನ ಫೌಜು ಬಿಡ್ತದೇನು? ಸಜಾ ಕೊಟ್ಟಿರ್ತಾರ. ಸಜಾ ಅಂತೂ ಬರದೇ ಬರದಿರ್ತಾರ."

ಹೈದರಾಬಾದಿನ ಹಳೆಯ ದಾಖಲೆಗಳ ಕಚೇರಿಗೆ ಅರ್ಜಿ ಹಾಕಿದರು. ಮೊದಲು ಉತ್ತರವೇ ಇಲ್ಲ. ಆಮೇಲೆ ಇಲ್ಲ ಎಂಬ ಉತ್ತರ. ಆಮೇಲೆ ಪಲ್ಟನ್ನಿನ ನಂಬರು ಬೇಕೆಂಬ ಉತ್ತರ. ಸಿಪಾಯಿಯ ಮಗಳೆನ್ನುವುದಕ್ಕೆ ಪುರಾವೆ ಕೊಡಿ ಎಂದೂ ಒಮ್ಮೆ ಕೇಳಿದರು. ಆ ಕಾಗದವನ್ನು ರಾಜೇಶ್ರೀ ತಾಯಿಗೆ ಓದಿ ಹೇಳಲಿಲ್ಲ. ಮತ್ತೊಂದು ಬೇಸಿಗೆ ಬರುವ ಹೊತ್ತಿಗೆ, ಕಡತ ಸಿಕ್ಕಿದೆ, ಬಂದು ನೋಡಬಹುದು ಎಂದು ಫೋನು ಬಂತು. ರಾಜೇಶ್ರೀ, ದಿಲ್ಶಾದ್ ಇಬ್ಬರೂ ರೈಲು ಹತ್ತಿದರು.

ಬಿಸ್ಕೀಟಿನ ಬಣ್ಣಕ್ಕೆ ತಿರುಗಿದ ಹಾಳೆಗಳು. ಉರ್ದು ಬರಹ. ಮುಟ್ಟಬಾರದೆಂದು ಹೇಳಿದ್ದರಿಂದ ದಿಲ್ಶಾದ್ ಕನ್ನಡಕ ಏರಿಸಿ, ಬೆರಳನ್ನು ಹಾಳೆಯಿಂದ ಮೇಲೆ ಹಿಡಿದು ಸಾಲು ಸಾಲಾಗಿ ಓದಿದಳು. ಹೆಸರು, ತಂದೆಯ ಹೆಸರು, ಊರು ಕಮಲಾಪುರ, ಜಿಲ್ಲೆ ಗುಲ್ಬರ್ಗಾ. ಎಡಗಿವಿಯ ಹಿಂದೆ ಹಳೆಯ ಗಾಯದ ಗುರುತು. ವಾರಸುದಾರರು: ಹೆಂಡತಿ ಚಂದಮ್ಮ. ಅಜ್ಜಿಯ ಹೆಸರನ್ನು ಪರಭಾಷೆಯ ಅಕ್ಷರದಲ್ಲಿ ಯಾರೋ ಬರೆದಿಟ್ಟಿದ್ದರು; ಆ ಸಾಲನ್ನು ರಾಜೇಶ್ರೀ ಇನ್ನೊಮ್ಮೆ ಓದಿಸಿದಳು.

"ಇಲ್ಲಿ ನೋಡು," ಎಂದಳು ದಿಲ್ಶಾದ್. ಧ್ವನಿ ಇಳಿದಿತ್ತು. "ಗೈರ್ ಹಾಜಿರ್. ಬಿಲಾ ಇಜಾಜತ್. ಯಾರಿಗೂ ಕೇಳ್ಲಾರ್ದ ಹೋಗ್ಯಾನ. ಅರ್ದಿಬೆಹಿಷ್ತ್, ತೇರಾ ಸೌ ಪಚಾಸ್ ಫಸಲಿ."

ನಿಜಾಮರ ಕಾಲದ ಲೆಕ್ಕದ ಆ ಸಾವಿರದ ಮುನ್ನೂರೈವತ್ತನೆಯ ವರ್ಷ, ಆ ತಿಂಗಳು ಯಾವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಪಕ್ಕದ ಮೇಜಿನ ನೌಕರ ತಲೆ ಎತ್ತದೆ, ಅದು ಇಂಗ್ಲಿಷ್ ಲೆಕ್ಕದಲ್ಲಿ 1941ರ ಮಾರ್ಚ್ ಎಂದ. ರಾಜೇಶ್ರೀ ಮೊಬೈಲಿನಲ್ಲಿ ಆ ವರ್ಷದ ಪಂಚಾಂಗ ಹುಡುಕಿದಳು. ಅವನು ನಾಪತ್ತೆಯಾದ ದಿನಗಳ ನಟ್ಟನಡುವೆ ಹೋಳಿ ಹುಣ್ಣಿಮೆ ಬಿದ್ದಿತ್ತು.

ದಿಲ್ಶಾದ್ ಮುಂದೆ ಓದಿದಳು. ತಾನಾಗಿಯೇ ಮರಳಿದ. ಎಲ್ಲಿಗೆ ಹೋಗಿದ್ದೆಯೆಂದು ಕೇಳಿದ್ದಕ್ಕೆ, ಊರಿಗೆ, ಹೆಂಡತಿಯನ್ನು ನೋಡಲು, ಎಂದು ಹೇಳಿಕೆ ಕೊಟ್ಟಿದ್ದಾನೆ. ಶಿಕ್ಷೆ, ಕೈದು.

ರಾಜೇಶ್ರೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ನಿಜ ಹೇಳಿದ್ದಳು. ಎಂಬತ್ತು ವರ್ಷ ಈ ಹಾಳೆ ಇಲ್ಲಿ ಬಿದ್ದಿತ್ತು. ತಾನೂ, ಸ್ವಂತ ಮೊಮ್ಮಗಳಾಗಿಯೂ, ಆ ಸತ್ತವಳನ್ನು ಒಳಗೊಳಗೇ ಸುಳ್ಳಿಯೆಂದುಕೊಂಡೇ ಬದುಕಿದ್ದಳು.

ನೌಕರ ಎದ್ದು ಬಂದು ಹಾಳೆ ತಿರುಗಿಸಿಕೊಟ್ಟ. ದಿಲ್ಶಾದ್ ಮನಸ್ಸಿನಲ್ಲೇ ಓದಿದಳು. ಮತ್ತೆ ಓದಿದಳು. ಹಾಳೆಯ ಮೇಲಿಂದ ಬೆರಳು ಹಿಂದಕ್ಕೆ ತೆಗೆದುಕೊಂಡಳು.

"ಮುಂದ ಏನದ ಆಪಾ?"

"ಚಾ ಕುಡದು ಬರೂಣು ಬಾ."

"ಆಪಾ, ಏನದ?"

ದಿಲ್ಶಾದ್ ಕನ್ನಡಕ ತೆಗೆದು ಒರೆಸಿಕೊಂಡಳು. ಅದೇ ವರ್ಷದ ಮಳೆಗಾಲದ ಕೊನೆಗೆ ಮಲಯದಿಂದ ಸಿಪಾಯಿ ಒಂದು ಅರ್ಜಿ ಕೊಟ್ಟಿದ್ದ. ಹೆಂಡತಿಗೆ ಕಳಿಸುತ್ತಿದ್ದ ಅರ್ಧ ಪಗಾರ ನಿಲ್ಲಿಸಬೇಕು. ವಾರಸುದಾರರ ಕಾಲಮಿನಿಂದ ಅವಳ ಹೆಸರು ಹೊಡೆದುಹಾಕಿ ಅಣ್ಣ ರೇವಣಪ್ಪನ ಹೆಸರು ಬರೆಯಬೇಕು. ಕಾರಣ, ಊರಿಂದ ಬಂದ ಸುದ್ದಿ. ಉರ್ದು ಸಾಲುಗಳ ಕೆಳಗೆ ಸಹಿ ಮಾತ್ರ ಕನ್ನಡದಲ್ಲಿತ್ತು. ದೊಡ್ಡ ದೊಡ್ಡ ಅಕ್ಷರ. ಕ ಒತ್ತಿನ ಬಾಲ ಗೆರೆಯಿಂದ ಕೆಳಗೆ ಇಳಿದಿತ್ತು. ಅದೊಂದನ್ನು ಓದಲು ರಾಜೇಶ್ರೀಗೆ ಯಾರ ಸಹಾಯವೂ ಬೇಕಾಗಲಿಲ್ಲ. ಮಲ್ಕಪ್ಪ.

ಕೊನೆಯ ನಮೂದು ಯುದ್ಧ ಮುಗಿದ ಮೇಲಿನದು. ಸೆರೆಯಿಂದ ಬಿಡುಗಡೆ, ಊರಿಗೆ ಮರಳುವ ಹಡಗು ಹತ್ತಲು ನಿರಾಕರಣೆ, ಸ್ವಂತ ಕೋರಿಕೆಯ ಮೇರೆಗೆ ಅಲ್ಲಿಯೇ ನೌಕರಿಯಿಂದ ಮುಕ್ತ.

ಹೊರಗೆ ಇರಾನಿ ಹೋಟೆಲಿನಲ್ಲಿ ಚಹಾ ಆರಿ ಕೆನೆಗಟ್ಟಿತು. "ಅಂವಗ ಗೊತ್ತಿತ್ತು ಆಪಾ," ಎಂದಳು ರಾಜೇಶ್ರೀ. "ಯಾರಿಗೂ ಗೊತ್ತಿಲ್ಲಂದ್ರೂ ಅಂವಗೊಬ್ಬಗ ಗೊತ್ತಿತ್ತು. ಜೇಲಿಗಿ ಹೋಗಿ ಬಂದಾಂವ ಮರತಿರ್ತಾನೇನು?"

"ಅಣ್ಣನ ಮಾತು ನಂಬಿರ್ಬೇಕು. ಎರಡು ರಾತ್ರಿಗಿ ಕೂಸಾಗ್ತದಾ ಅಂದಿರ್ಬೇಕು. ಗಂಡಸ್ರ ತಲಿ ನಮಗೇನು ತಿಳೀತದ?"

ಹಾಳೆಗಳ ನಕಲು ಹಿಡಿದು ಮರಳುವಾಗ, ರೈಲು ವಾಡಿ ದಾಟಿದ ಮೇಲೆ ದಿಲ್ಶಾದ್ ಕೇಳಿದಳು, "ಎರಡೂ ಕಾಗದ ಒಯ್ದು ಒಂದು ತೋರಿಸ್ತಿ?"

"ಅವ್ವಗ ಒಂದು ಸಾಕು."

ದುಂಡಮ್ಮ ಆ ಒಂದನ್ನು ಎಷ್ಟು ಸಲ ಓದಿಸಿಕೊಂಡಳೋ. ಗೈರ್ ಹಾಜಿರ್ ಎನ್ನುವ ಶಬ್ದವನ್ನು ತಾನೇ ಅಂದು ನೋಡಿದಳು. "ಜೇಲಿಗಿ ಹಾಕಿದ್ರಾ? ಅವ್ವನ್ನ ನೋಡಾಕ ಬಂದಿದ್ಕ?" ಎಂದು ಕೇಳಿ, ಹೌದೆಂದ ಮೇಲೆ ಮತ್ತೆ ಕೇಳಿದಳು. ಅತ್ತಳು, ನಡುವೆ ನಕ್ಕಳು. ರಾತ್ರಿ ಊಟಕ್ಕೆ ಕೂತಾಗ, "ಅಷ್ಟು ಜೀವ ಇತ್ತು ಅಂವಗ ಅವ್ವನ ಮ್ಯಾಲ" ಎಂದಳು. ರಾಜೇಶ್ರೀ ತಾಟಿನಿಂದ ತಲೆ ಎತ್ತಲಿಲ್ಲ.

ಮುದುಕಿಗೆ ಆ ಕಾಗದ ಹಿಡಿದು ಕಮಲಾಪುರಕ್ಕೆ ಹೋಗಬೇಕಿತ್ತು. ಹೋದರು. ಬೀಜದ ಅಂಗಡಿಯಲ್ಲಿ ವಿವೇಕಾನಂದ ಗಿರಾಕಿಗಳನ್ನು ಕಳಿಸಿ, ರಾಜೇಶ್ರೀ ಮಾಡಿಸಿದ್ದ ಕನ್ನಡ ತರ್ಜುಮೆಯನ್ನು ಎರಡು ಸಲ ಓದಿದ. ಅವನು ಕೆಟ್ಟವನಾಗಿರಲಿಲ್ಲ. ಕೌಂಟರ್ ದಾಟಿ ಬಂದು ದುಂಡಮ್ಮನ ಕಾಲು ಮುಟ್ಟಿ, "ತಪ್ಪಾಗ್ಯಾದ ಅತ್ತಿ. ನಮ್ಮ ಮನಿತನದ್ದೇ ತಪ್ಪು" ಎಂದ. ಆ ಮನೆಯವರು ಅವಳನ್ನು ಸಂಬಂಧ ಹಚ್ಚಿ ಕರೆದದ್ದು ಅದೇ ಮೊದಲು. ದುಂಡಮ್ಮ ಅವನ ತಲೆಯ ಮೇಲೆ ಕೈ ಇಟ್ಟು, ಅಲ್ಲಿಯೇ ಗೊಬ್ಬರದ ಚೀಲದ ಮೇಲೆ ಕೂತುಬಿಟ್ಟಳು.

ಆಮೇಲೆ ಅವಳು ಓಣಿಗಳಲ್ಲಿ ನಡೆದಳು. ಯಾರಿಗೆ ಹೇಳಬೇಕೆಂದು ಒಂದೊಂದೇ ಹೆಸರು ನೆನಪು ಮಾಡಿಕೊಂಡಳು. ಬಾವಿಯ ಹತ್ತಿರ ತನ್ನ ಕೊಡ ಮುಟ್ಟಿಸಿಕೊಳ್ಳದಿದ್ದವಳು ಸತ್ತಿದ್ದಳು. ಶಾಲೆಯಲ್ಲಿ ಹೆಸರು ಕೂಗುವಾಗ ತಂದೆಯ ಹೆಸರು ಬಿಟ್ಟು ಕೂಗುತ್ತಿದ್ದ ಮಾಸ್ತರ ಸತ್ತಿದ್ದ. ಆ ಕಾಲದವಳೆಂದರೆ ಒಬ್ಬಳೇ ಉಳಿದಿದ್ದಳು, ಹಾಸಿಗೆ ಹಿಡಿದವಳು, ಕಿವಿ ಕೇಳದವಳು. ದುಂಡಮ್ಮ ಅವಳ ಮಂಚದ ಪಕ್ಕ ನಿಂತು, "ನಮ್ಮಪ್ಪ ಬಂದಿದ್ದ! ಹೋಳಿ ಹುಣ್ಣಿಮಿಗಿ! ಸರ್ಕಾರದ ಕಾಗದ ಅದ!" ಎಂದು ಕೂಗಿ ಹೇಳಿದಳು. ಆ ಮುದುಕಿ ಹಲ್ಲಿಲ್ಲದ ಬಾಯಿ ಅಗಲಿಸಿ, "ಬಂದಾರಾ? ಉಣ್ಣಾಕ ಹಾಕು" ಎಂದಳು. ಬಾಗಿಲಲ್ಲಿದ್ದ ಹುಡುಗಿಯರು ನಕ್ಕರು. ಅವರಿಗೆ ಮಲ್ಕಪ್ಪನೂ ಗೊತ್ತಿಲ್ಲ, ಚಂದಮ್ಮನೂ ಗೊತ್ತಿಲ್ಲ.

ಆದರೂ ಬಸ್ಸಿನಲ್ಲಿ ಮರಳುವಾಗ ದುಂಡಮ್ಮನ ಮುಖ ಹಗುರಾಗಿತ್ತು. ಮುಂದಿನ ಕೆಲವು ತಿಂಗಳು ಅವಳ ಬದುಕಿನಲ್ಲಿ ಬೇರೆಯೇ ಆಗಿದ್ದವು. ಹಾಲಿನವನಿಗೆ, ತರಕಾರಿ ಗಾಡಿಯವಳಿಗೆ, ಮೇಲಿನ ಮನೆಯ ಬಾಡಿಗೆಯವರಿಗೆ ತಂದೆಯ ಕಥೆ ಹೇಳಿದಳು. ಸಿಕಂದರಾಬಾದಿನಿಂದ ಅವನು ಹೇಗೆ ಬಂದಿರಬೇಕು, ಯಾವ ಸ್ಟೇಷನ್ನಿನಲ್ಲಿ ಇಳಿದಿರಬೇಕು, ಬೆಳದಿಂಗಳಲ್ಲಿ ಎಷ್ಟು ದೂರ ನಡೆದಿರಬೇಕು ಎಂದು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸೇರಿಸಿದಳು. ಎಂಬತ್ತು ದಾಟಿದ ಹೆಂಗಸು ಮೊದಲ ಸಲ ಅಪ್ಪನ ಮಗಳಾಗಿದ್ದಳು. ಒಂದು ದಿನ ಕೇಳಿದಳು, "ಅಪ್ಪನ ಮಣ್ಣು ಎಲ್ಲದಂತ ಆ ಕಾಗದದಾಗ ಬರದಿಲ್ಲೇನು ರಾಜಿ? ಒಂದು ಹಿಡಿ ತರಿಸಿಕೊಡು. ಅವ್ವನ್ನ ಹುಗಿದಲ್ಲಿ ಹಾಕ್ತೀನಿ."

ರಾಜೇಶ್ರೀ ಅಲ್ಲಿಗೇ ನಿಲ್ಲಿಸಬಹುದಿತ್ತು. ಸಿಗಲಿಲ್ಲವೆಂದು ಹೇಳಿದ್ದರೆ ಮುದುಕಿ ನಂಬುತ್ತಿದ್ದಳು. ಆದರೆ ಆ ಕನ್ನಡ ಸಹಿ ಅವಳನ್ನು ಸುಮ್ಮನಿರಗೊಡಲಿಲ್ಲ. ಅವನು ಅಲ್ಲಿ ಏನಾದ? ಒಂದಾದರೂ ದಿನ ಊರ ಕಡೆ ಮುಖ ಮಾಡಿದನೇ? ಹೀಗೆ ಹಳಬರನ್ನು ಹುಡುಕುವವರ ಗುಂಪೊಂದು ಇಂಟರ್ನೆಟ್ಟಿನಲ್ಲಿತ್ತು. ಅದರಲ್ಲಿ ಮಲೇಷ್ಯಾದ ಇಪೋ ಊರಿನ ಒಬ್ಬ ನಿವೃತ್ತ ತಮಿಳು ಮೇಷ್ಟ್ರು ಸಿಕ್ಕರು. ಹೆಸರು, ಊರು, ಪಲ್ಟನ್ನು, ಕಿವಿಯ ಹಿಂದಿನ ಗಾಯ, ಎಲ್ಲ ಬರೆದು ಕಳಿಸಿದಳು. ಬ್ರಿಟಿಷರ ಕಾಲದ ವಲಸೆ ಇಲಾಖೆಯ ಕಡತಗಳಲ್ಲಿ ಹುಡುಕುತ್ತೇನೆ, ಹೆಸರನ್ನು ಅವರು ಹೇಗೆ ಬರೆದುಕೊಂಡಿದ್ದಾರೋ ನೋಡಬೇಕು ಎಂದು ಅವರು ಉತ್ತರಿಸಿದರು.

ಮಳೆಗಾಲ ಮುಗಿಯುವಾಗ ಮೇಷ್ಟ್ರ ಮೇಲ್ ಬಂತು. ವಾರ್ಡಿನಲ್ಲಿ ಡ್ಯೂಟಿ ಮುಗಿಸಿ, ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ರಾಜೇಶ್ರೀ ಅದನ್ನು ತೆರೆದಳು. ಅಲ್ಲಿಯೇ ನೆಲೆಸಲು ಪರವಾನಗಿ ಕೇಳಿ 1953ರಲ್ಲಿ ಕೊಟ್ಟ ಅರ್ಜಿಯ ನಕಲು. ಅರ್ಜಿದಾರ ಮಲ್ಕಪ್ಪ, ರಬ್ಬರ್ ತೋಟದ ಕಾವಲುಗಾರ. ಬಂದದ್ದು 1941ರಲ್ಲಿ, ಸಿಪಾಯಿಯಾಗಿ. ಊರಿನಲ್ಲಿ ಹೆಂಡತಿ: ತೀರಿಕೊಂಡಿದ್ದಾಳೆ, 1941. ಮಕ್ಕಳು: ಇಲ್ಲ. ಭಾರತದಲ್ಲಿ ಹತ್ತಿರದ ಬಂಧುಗಳು: ಯಾರೂ ಇಲ್ಲ. ಕೆಳಗೆ ಅದೇ ಸಹಿ. ಮೇಲಿನ ಮೂಲೆಯಲ್ಲಿ ಒಂದು ಫೋಟೋ.

ಕೆಳಗೆ ಮೇಷ್ಟ್ರು ಬರೆದಿದ್ದರು: ಆಮೇಲೆ ಅವನು ಅಲ್ಲಿಯ ಒಬ್ಬ ಹೆಂಗಸನ್ನು ಮದುವೆಯಾದ, ಮೂವರು ಮಕ್ಕಳು, 1978ರಲ್ಲಿ ಸತ್ತ. ಮಕ್ಕಳು ಇದ್ದಾರೆ. ತಂದೆಗೆ ಭಾರತದಲ್ಲಿ ಯಾರೂ ಇರಲಿಲ್ಲವೆಂದೇ ಅವರು ತಿಳಿದಿದ್ದಾರೆ. ನಿಮ್ಮ ವಿಳಾಸವನ್ನು ಅವರಿಗೆ ಕೊಡಲೇ?

ಅಜ್ಜಿ ರಸ್ತೆಗೆ ಕಲ್ಲು ಹೊರುತ್ತಿದ್ದ ವರ್ಷ ಅದು. ಅವನು ಬರೆದ ಇಸವಿಗಿಂತ ಹನ್ನೆರಡು ವರ್ಷ ತಡವಾಗಿ ಅವಳು ಸತ್ತಿದ್ದಳು.

ರಾಜೇಶ್ರೀ ಕೆಲ ದಿನ ಅದನ್ನು ಒಳಗಿಟ್ಟುಕೊಂಡು ತಿರುಗಾಡಿದಳು. ಮನೆಯಲ್ಲಿ ಮುದುಕಿ ದಿನಾ ಕೇಳುತ್ತಿದ್ದಳು: ಮಣ್ಣಿನ ಸುದ್ದಿ ಬಂತೇನು? ದಿಲ್ಶಾದಳ ಹತ್ತಿರ ಹೋಗಿ, "ಏನು ಮಾಡ್ಲಿ ಆಪಾ?" ಎಂದರೆ, ದಿಲ್ಶಾದ್, "ನಾನು ಹೇಳಂಗಿಲ್ಲ. ಆದ್ರ ನಿಮ್ಮವ್ವ ನನ್ನ ಕೇಳಿದ್ರ ಸುಳ್ಳ ಹೇಳಾಕ ನನಗ ಆಗಂಗಿಲ್ಲ" ಎಂದಳು. ದುಂಡಮ್ಮ ಒಂದು ಡಬ್ಬಿ ತೊಳೆದು ಒಣಗಿಸಿ, ಮಣ್ಣು ಹಾಕಿಡಲು ತೆಗೆದಿಟ್ಟ ದಿನ ರಾಜೇಶ್ರೀಗೆ ಇನ್ನು ತಡೆಯಲಾಗಲಿಲ್ಲ. ಇಲ್ಲದ ಅಪ್ಪನಿಗೆ ಅವಳು ಇನ್ನೂ ಎಷ್ಟು ಮಾಡಬೇಕು?

ಫೋಟೋ ಇರುವ ಹಾಳೆಯನ್ನೂ ಹೈದರಾಬಾದಿನ ಎರಡನೆಯ ಹಾಳೆಯನ್ನೂ ತಾಯಿಯ ಮುಂದಿಟ್ಟಳು. ಬಿಸಿಲು ಹೊಸ್ತಿಲ ತನಕ ಬಂದಿತ್ತು. ಒಂದೊಂದೇ ಸಾಲು ಓದಿ ಹೇಳಿದಳು, ಯಾವುದನ್ನೂ ಬಿಡದೆ.

ದುಂಡಮ್ಮ ತಂದೆಯ ಮುಖವನ್ನು ಎಂದೂ ನೋಡಿದವಳಲ್ಲ. ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಅಗಲ ಹಣೆ, ಜೋತ ಕಿವಿ, ಒಂದು ಕಡೆ ಸೊಟ್ಟಗಿರುವ ತುಟಿ; ಅವಳದೇ ಮುಖಕ್ಕೆ ಮೀಸೆ ಹಚ್ಚಿದ ಹಾಗಿತ್ತು. ಕಮಲಾಪುರದಲ್ಲಿ ಈ ಒಂದು ಫೋಟೋ ಗೋಡೆಗೆ ಇದ್ದಿದ್ದರೆ ಯಾರೂ ಬೆರಳು ಮಡಚುತ್ತಿರಲಿಲ್ಲ.

"ಯಾವ ವರ್ಷದ್ದಂದಿ?"

"ಐವತ್ಮೂರು."

"ಮಳಿಗಿ ಮೊದ್ಲೋ, ಆಮ್ಯಾಲೋ?"

"ಮೊದ್ಲ, ಯವ್ವಾ. ಏಪ್ರಿಲ್."

"ಅವ್ವ ಇದ್ಲು." ಅವಳು ಹಾಳೆಯನ್ನು ನೆಲಕ್ಕಿಟ್ಟಳು. "ರೇವಣಪ್ಪಗ ಗೊತ್ತಿರ್ಲಿಲ್ಲ, ಅಂದ. ಊರಿಗಿ ಗೊತ್ತಿರ್ಲಿಲ್ಲ, ಅಂತು. ಅವರ ಮ್ಯಾಲ ಅವ್ವ ಸಿಟ್ಟೇ ಮಾಡ್ತಿರ್ಲಿಲ್ಲ ರಾಜಿ. ಗೊತ್ತಿಲ್ಲ ಪಾಪ, ಅಂತಿದ್ಲು. ಗೊತ್ತಿದ್ದಾಂವ ಬಂದು ಹೇಳ್ತಾನಂತ ಕುಂತಿದ್ಲು."

ರಾಜೇಶ್ರೀ ತಾಯಿಯ ಕೈ ಹಿಡಿಯಲು ಹೋದಳು. ದುಂಡಮ್ಮ ಕೈ ಬಿಡಿಸಿಕೊಂಡು ಹಾಳೆಗಳನ್ನು ಮಡಚಿದಳು. "ಇವನ್ನ ಆ ಅಂಗಡಿ ಹುಡುಗಗ ಕೊಟ್ಟು ಬಾ. ಅವರಿಗಿ ಬೇಕಾಗಿದ್ದ ಇಂವ. ನಮಗ ಬ್ಯಾಡ."

ರಾಜೇಶ್ರೀ ಒಬ್ಬಳೇ ಕಮಲಾಪುರಕ್ಕೆ ಹೋದಳು. ವಿವೇಕಾನಂದ ಈ ಸಲ ಒಂದೇ ಸಲ ಓದಿದ. ಶಟರನ್ನು ಅರ್ಧ ಇಳಿಸಿದ. "ಅಕ್ಕಾ, ಈಗ ಆ ಕಲ್ಲ ಮ್ಯಾಲಿನ ಹೆಸರು ಅಳಸಂದ್ರ ಊರು ನಮ್ಮ ಮಾರಿಗಿ ಉಗುಳ್ತದ. ಹುತಾತ್ಮನ ಮನಿಯಂತ ಓಣಿಗಿ ಹೆಸರಿಡಾಕ ಪಂಚಾಯ್ತ್ಯಾಗ ಬರದ್ಕೊಂಡಾರ."

"ಅಳಸಬ್ಯಾಡ್ರಿ. ನಮ್ಮ ಆಯಿ ಹೆಸರು ಒಂದು ಕಡಿ ಬರಸ್ರಿ. ನಿಮ್ಮ ಸಮಾಧಿ ಹೊಲದಾಗಾದ್ರೂ. ಚಂದಮ್ಮ, ಮಲ್ಕಪ್ಪನ ಹೆಂಡತಿ. ಅಷ್ಟೇ."

ಅವನು ಮನೆಯಲ್ಲಿ ಕೇಳಿ ಹೇಳುತ್ತೇನೆಂದ. ಕಾಗದಗಳನ್ನು ಡ್ರಾವರಿಗೆ ಹಾಕಿ ಕೀಲಿ ತಿರುಗಿಸಿದ. ಆಮೇಲೆ ಫೋನು ಮಾಡಲಿಲ್ಲ. ರಾಜೇಶ್ರೀ ಮಾಡಿದಾಗ ಎತ್ತಲಿಲ್ಲ.

ದುಂಡಮ್ಮ ತಂದೆಯ ಮಾತನ್ನು ಮತ್ತೆ ಎತ್ತಲಿಲ್ಲ. ತರಕಾರಿ ಗಾಡಿಯವಳು, "ನಿಮ್ಮಪ್ಪನ ಕಥಿ ಹೇಳ್ರಿ ಆಯಿ" ಎಂದರೆ, "ಎಲ್ಲಾ ಹೇಳಿ ಮುಗದಾದ" ಎಂದು ಒಳಗೆ ಹೋಗುತ್ತಿದ್ದಳು. ಊಟ ಕಡಿಮೆಯಾಯಿತು. ಸಿಟ್ಟಿನಿಂದಲ್ಲ, ರುಚಿಯೇ ಹೋದ ಹಾಗೆ. ಒಂದು ಸಂಜೆ ರಾಜೇಶ್ರೀ ತಲೆ ಬಾಚುತ್ತಿದ್ದಾಗ, "ನಾ ತೋರಿಸಬಾರದಿತ್ತೇನು ಯವ್ವಾ?" ಎಂದು ಕೇಳಿದಳು. ದುಂಡಮ್ಮ, "ಅವ್ವಗ ಯಾರರೆ ತೋರಿಸಿದ್ರ ಚಲೋ ಇತ್ತು. ಕಾಯೂದಾದ್ರೂ ಬಿಡ್ತಿದ್ಲು" ಎಂದಳು.

ಮಾಘದ ಚಳಿಯಲ್ಲಿ ಅವಳು ಎದೆಗೆ ಕಫ ಕಟ್ಟಿ ನಾಲ್ಕೇ ದಿನದಲ್ಲಿ ಹೋದಳು. ಸುದ್ದಿ ಕೇಳಿ ವಿವೇಕಾನಂದ ಹಾರ ಹಿಡಿದುಕೊಂಡು ಬಂದ. ಓಣಿಯ ಜನರ ಎದುರಿಗೇ, "ಅತ್ತಿನ್ನ ಊರಿಗಿ ಒಯ್ಯೂಣು ಅಕ್ಕಾ. ನಮ್ಮ ಹೊಲದಾಗ ಹಿರಿಯರ ಬಾಜೂಕ ಜಾಗ ಮಾಡ್ಸೇನಿ" ಎಂದ.

"ಆಯಿ ಚಂದಮ್ಮನ ಹೆಸರು ಬರಸೀರೇನು?"

ಅವನು ನೆಲ ನೋಡಿದ. "ಮನ್ಯಾಗ ಹಿರಿಯರು ಒಪ್ಪವಲ್ರು. ನಿಧಾನಕ್ಕ ಮಾಡೂಣು."

"ಹಂಗಾದ್ರ ಬ್ಯಾಡ್ರಿ. ಹಾರ ಹಾಕಿ ಹೋಗ್ರಿ."

ಕಮಲಾಪುರದ ಹಳ್ಳದ ದಂಡೆಯಲ್ಲಿ ಚಂದಮ್ಮನನ್ನು ಹೂಳಿದ ಜಾಗ ಹೆದ್ದಾರಿ ಅಗಲ ಮಾಡುವಾಗಲೇ ಮಣ್ಣಿನಡಿ ಹೋಗಿತ್ತು. ತಾಯಿಯ ಪಕ್ಕ ಮಲಗಿಸುವುದಕ್ಕೂ ಅಲ್ಲಿ ಏನೂ ಉಳಿದಿರಲಿಲ್ಲ. ದುಂಡಮ್ಮನನ್ನು ಕಲಬುರಗಿಯ ರುದ್ರಭೂಮಿಯಲ್ಲಿ, ಹೊಲಿಗೆ ಅಂಗಡಿಯ ಗಂಡನ ಸಮಾಧಿಯ ಹತ್ತಿರ ಮಣ್ಣು ಮಾಡಿದರು. ದಿಲ್ಶಾದ್ ಗೇಟಿನ ಹೊರಗೆ ಆಟೋದಲ್ಲಿ ಕೂತು ಕಾದಳು. ರಾಜೇಶ್ರೀಯನ್ನು ಮನೆಗೆ ಕರೆದುಕೊಂಡು ಹೋಗಿ, ಸ್ನಾನ ಮಾಡಿಸಿ, ಬಲವಂತಕ್ಕೆ ಅರ್ಧ ರೊಟ್ಟಿ ತಿನ್ನಿಸಿದಳು.

ಕಾರ್ಯ ಮುಗಿದ ಮೇಲೆ ಒಂದು ಮಧ್ಯಾಹ್ನ ರಾಜೇಶ್ರೀ ಇಪೋದ ಮೇಷ್ಟ್ರಿಗೆ ಉತ್ತರ ಬರೆಯಲು ಕೂತಳು. ಅವರ ಪ್ರಶ್ನೆ ಅಷ್ಟು ತಿಂಗಳಿಂದ ಹಾಗೆಯೇ ನಿಂತಿತ್ತು. ತನ್ನ ವಿಳಾಸ ಕೊಡುವುದು ಬೇಡ ಎಂದು ಬರೆದಳು. ಫೋಟೋಗಳೂ ಬೇಡ, ಅವರ ಫೋನ್ ನಂಬರೂ ಬೇಡ. ಆ ಮಕ್ಕಳ ಮೇಲೆ ತನಗೇನೂ ಸಿಟ್ಟಿಲ್ಲ. ಒಂದು ಮಾತು ಮಾತ್ರ ಅವರಿಗೆ ತಿಳಿಸಬೇಕು ಎಂದು ಕೇಳಿಕೊಂಡಳು. ಅವರ ತಂದೆಯ ಮೊದಲ ಹೆಂಡತಿ ಸತ್ತದ್ದು 1941ರಲ್ಲಿ ಅಲ್ಲ. 1953ರ ಶ್ರಾವಣದಲ್ಲಿ. ಅವಳ ಹೆಸರು ಚಂದಮ್ಮ. ಅವಳಿಗೊಬ್ಬ ಮಗಳಿದ್ದಳು.